ಆಕಾಶ ನೋಡಿ ರಜೆ. ಮಕ್ಕಳ ದಾರಿ ನೋಡುವವರು ಯಾರು?

ಮಳೆಗಾಲ ಬಂತೆಂದರೆ ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಕಡೆಯ ಬಸ್ ನಿಲ್ದಾಣಗಳಲ್ಲಿ ಬೆಳಗಾಗೆದ್ದು ಕೇಳಿಬರುವ ಮೊದಲ ಮಾತು ಬಸ್ಸಿನ ವೇಳೆಯದಲ್ಲ. "ಇವತ್ತು ಇಸ್ಕೂಲು ಐತಾ, ಇಲ್ವಾ?" ಎಂಬುದೇ ಆ ಮಾತು. ಕಂಡಕ್ಟರನ್ನು ಕೇಳಿದರೆ ಅವನಿಗೆ ಗೊತ್ತಿಲ್ಲ. ಹೋಟೆಲಿನ ಗಲ್ಲಾದ ಮೇಲೆ ಕೂತವರನ್ನು ಕೇಳಿದರೆ ಅವರಿಗೂ ಗೊತ್ತಿಲ್ಲ. ಪುಸ್ತಕದಂಗಡಿಯವರು ಮೊಬೈಲು ತೆಗೆದು ನೋಡಿ, "ಯಾರೋ ಆರ್ಡರ್ ಕಳಿಸ್ಯಾರೆ, ಆದ್ರೆ ತಾರೀಖು ಹೋದ ವರ್ಷದ್ದು ಇದ್ದಂಗೈತೆ" ಎನ್ನುತ್ತಾರೆ. ಅಷ್ಟರಲ್ಲಿ ಹಳ್ಳಿಯ ಮಕ್ಕಳು ತಲೆಗೆ ಕೊಪ್ಪೆ ಹಾಕಿಕೊಂಡು, ಅರ್ಧ ನೆನೆದು, ಬಸ್ಸು ಹತ್ತಿಯಾಗಿರುತ್ತದೆ.

ಮಳೆಗೆ ಶಾಲೆ ಮುಚ್ಚಬೇಕೇ, ಬೇಡವೇ ಎಂಬ ವಾದ ಪ್ರತಿ ವರ್ಷವೂ ಏಳುತ್ತದೆ. ಒಂದು ಪಕ್ಷದವರ ಪ್ರಕಾರ ಮಕ್ಕಳ ಜೀವ ದೊಡ್ಡದು, ನಾಲ್ಕು ದಿನದ ಪಾಠವಲ್ಲ. ಇನ್ನೊಂದು ಪಕ್ಷದವರು, "ಅಲ್ರೀ, ಹಿಂದೆ ನಾವೆಲ್ಲ ಮಳೇಲಿ ನೆನಕೊಂಡೇ ಓದ್ಲಿಲ್ವಾ? ನಾಲ್ಕು ಹನಿ ಬಿದ್ರೆ ರಜೆ ಅಂದ್ರೆ ಹೆಂಗೆ?" ಎಂದು ಮೀಸೆ ತಿರುವುತ್ತಾರೆ. ಎರಡೂ ಅರ್ಧ ಸತ್ಯವೇ. ವಾದ ನಡೆಯಬೇಕಾದ್ದು ಬೇರೆ ವಿಷಯದ ಮೇಲೆ. ರಜೆಯನ್ನು ಎಲ್ಲಿಗೆ ಕೊಡಬೇಕು? ಎಷ್ಟು ಹೊತ್ತಿಗೆ ಹೇಳಬೇಕು? ತೀರ್ಮಾನ ಯಾರ ಕೈಯಲ್ಲಿರಬೇಕು? ರಜೆ ಕೊಟ್ಟ ದಿನ ಮಗುವಿನ ಊಟಕ್ಕೂ ಪಾಠಕ್ಕೂ ಹೊಣೆ ಯಾರು?

ಚಳಿಯಲ್ಲ, ನೀರು

ಹವಾಮಾನಕ್ಕೆ ಹೆದರಿ ಶಾಲೆ ಮುಚ್ಚುವುದು ದೇಶದಲ್ಲಿ ಹೊಸದೇನಲ್ಲ. ಉತ್ತರ ಭಾರತದಲ್ಲಿ ಕೊರೆಯುವ ಚಳಿಗೆ, ಮಂಜಿಗೆ ಪ್ರತಿ ಜನವರಿಯಲ್ಲೂ ಶಾಲೆಗಳ ಬಾಗಿಲು ಹಾಕುತ್ತಾರೆ. ದೆಹಲಿಯಲ್ಲಿ 2024ರ ಜನವರಿಯಲ್ಲಿ ನರ್ಸರಿಯಿಂದ 5ನೇ ತರಗತಿಯವರೆಗಿನ ಮಕ್ಕಳ ಚಳಿಗಾಲದ ರಜೆಯನ್ನು ಜನವರಿ 12ರವರೆಗೆ ಮುಂದುವರಿಸಲಾಯಿತು. ಕಾಶ್ಮೀರದಲ್ಲಿ ದೊಡ್ಡ ರಜೆ ಬರುವುದೇ ಹಿಮ ಬೀಳುವ ತಿಂಗಳುಗಳಲ್ಲಿ. ಅಲ್ಲಿನವರು ತಮ್ಮ ಋತು ನೋಡಿ ತಮ್ಮ ಕ್ಯಾಲೆಂಡರ್ ಮಾಡಿಕೊಂಡಿದ್ದಾರೆ.

ದಾವಣಗೆರೆ ಜಿಲ್ಲೆಯ ಚಳಿ ಆ ಮಟ್ಟದ್ದಲ್ಲ. ಬಯಲು ಸೀಮೆಯಲ್ಲಿ ಕನಿಷ್ಠ ಉಷ್ಣಾಂಶ 10 ಡಿಗ್ರಿ ಅಥವಾ ಅದಕ್ಕೂ ಕೆಳಗಿಳಿದು, ವಾಡಿಕೆಗಿಂತ 4.5 ಡಿಗ್ರಿಯಾದರೂ ಕಡಿಮೆಯಾದರೆ ಹವಾಮಾನ ಇಲಾಖೆ ಅದನ್ನು ಶೀತಗಾಳಿ ಎನ್ನುತ್ತದೆ. ರಾಜ್ಯದಲ್ಲಿ ಬೀದರ್, ವಿಜಯಪುರದ ಕಡೆ ಅಂಥ ದಿನಗಳ ಮಾತು ಕೇಳಿಬರುತ್ತದೆ. ಜಗಳೂರಿನ ಬಯಲಿನಲ್ಲೂ ಡಿಸೆಂಬರ್, ಜನವರಿಯ ಬೆಳಗಿನ ಗಾಳಿ ಹಲ್ಲು ಕಟಕಟಿಸುತ್ತದೆ ನಿಜ. ಅದಕ್ಕೆ ರಜೆ ಬೇಕಿಲ್ಲ. ಶನಿವಾರದ ಬೆಳಗಿನ ಶಾಲೆಯ ಗಂಟೆಯನ್ನು ಅರ್ಧ ತಾಸು ತಡವಾಗಿ ಬಾರಿಸಿದರೆ, ಬಡಮಕ್ಕಳಿಗೊಂದು ಸ್ವೆಟರು ಸಿಕ್ಕರೆ ಸಾಕು.

ಇಲ್ಲಿ ಮಕ್ಕಳ ದಾರಿಗೆ ಅಡ್ಡ ಬರುವುದು ನೀರು. ಜೂನ್ ಕೊನೆಯ ಆರಿದ್ರ ಮಳೆ, ಜುಲೈನ ಪುನರ್ವಸು, ಪುಷ್ಯ ಮಳೆ, ಆಗಸ್ಟ್ ಮೊದಲ ಭಾಗದ ಆಶ್ಲೇಷ ಮಳೆ, ಈ ನಾಲ್ಕು ಮಳೆ ಹಿಡಿದು ಹೊಡೆದರೆ ಹಳ್ಳ ತುಂಬುತ್ತವೆ, ಹೊಳೆ ಏರುತ್ತದೆ. ಶಾಲೆ ಬಾಗಿಲು ತೆರೆದು ತಿಂಗಳಾಗುವಷ್ಟರಲ್ಲಿ ಮಳೆ ಅದರ ಬಾಗಿಲಿಗೆ ಬಂದು ನಿಲ್ಲುತ್ತದೆ. ಕೇರಳದಲ್ಲೂ ಇದೇ ತಾಪತ್ರಯ. ಅಲ್ಲಿನ ಶಿಕ್ಷಣ ಸಚಿವ ವಿ. ಶಿವನ್‌ಕುಟ್ಟಿ ಅವರು 2025ರ ಜುಲೈ ಕೊನೆಯಲ್ಲಿ, ಏಪ್ರಿಲ್–ಮೇ ತಿಂಗಳ ರಜೆಯನ್ನು ಜೂನ್–ಜುಲೈಗೆ ಬದಲಿಸಬಾರದೇಕೆ ಎಂಬ ಚರ್ಚೆಗೇ ಜನರನ್ನು ಕರೆದರು. ದಾವಣಗೆರೆ ಜಿಲ್ಲೆಗೆ ಅಷ್ಟು ದೊಡ್ಡ ಶಸ್ತ್ರಚಿಕಿತ್ಸೆ ಬೇಕಿಲ್ಲ. ಜಿಲ್ಲೆಗೆಲ್ಲ ಒಂದೇ ಅಳತೆಗೋಲು ಹಿಡಿಯುವುದನ್ನು ಬಿಟ್ಟರೆ ಅರ್ಧ ಕೆಲಸ ಆದಂತೆ.

ಒಂದು ಜಿಲ್ಲೆ, ನಾಲ್ಕು ಹವೆ

1997ರ ಆಗಸ್ಟ್ 15ರಂದು ಈ ಜಿಲ್ಲೆ ಹುಟ್ಟಿದಾಗ ಹೊನ್ನಾಳಿ, ಚನ್ನಗಿರಿಗಳು ಶಿವಮೊಗ್ಗದಿಂದ ಬಂದವು. ಜಗಳೂರು ಚಿತ್ರದುರ್ಗದಿಂದ ಬಂತು. ನ್ಯಾಮತಿ ಆಮೇಲೆ ಹೊನ್ನಾಳಿಯಿಂದ ಬೇರೆಯಾಗಿ ತಾಲ್ಲೂಕಾಯಿತು. ಒಂದು ಕಡೆ ಮಲೆನಾಡಿನ ಸೆರಗು, ಇನ್ನೊಂದು ಕಡೆ ಬರದ ಬಯಲು. ಒಂದೇ ಕಚೇರಿಯ ಕೆಳಗೆ ಬಂದ ಮಾತ್ರಕ್ಕೆ ಮೋಡಗಳಿಗೆ ಜಿಲ್ಲೆಯ ಗಡಿ ಗೊತ್ತಾಗುವುದಿಲ್ಲ.

ಹೊನ್ನಾಳಿಯ ಕಥೆಯೇ ವಿಚಿತ್ರ. ಅಲ್ಲಿ ಬಿಸಿಲು ಬಿದ್ದಿದ್ದರೂ ಹೊಳೆ ಏರಬಹುದು. ತುಂಗೆ, ಭದ್ರೆಯರು ಕೂಡಲಿಯಲ್ಲಿ ಸೇರಿ ಒಂದಾಗಿ ಹೊನ್ನಾಳಿ ಮಗ್ಗುಲಲ್ಲೇ ಹರಿಯುತ್ತಾರೆ. ಮೇಲೆ ಶೃಂಗೇರಿ, ತೀರ್ಥಹಳ್ಳಿ ಕಡೆ ಮಳೆ ಸುರಿದರೆ ಗಾಜನೂರಿನ ತುಂಗಾ ಅಣೆಕಟ್ಟು ಬೇಗ ತುಂಬಿ ನೀರು ಹೊರಬೀಳುತ್ತದೆ. ಲಕ್ಕವಳ್ಳಿಯ ಭದ್ರಾ ಜಲಾಶಯ ತನ್ನ 186 ಅಡಿಯ ಹತ್ತಿರ ಬಂದಾಗ ಅಲ್ಲಿಯ ಗೇಟುಗಳೂ ತೆರೆಯುತ್ತವೆ. ಎರಡೂ ಕಡೆಯ ನೀರು ಒಟ್ಟಿಗೆ ಬಂದರೆ ಬಾಲರಾಜ್ ಘಾಟ್‌ನ ಮನೆಗಳವರು ಪಾತ್ರೆಪಗಡ ಹೊತ್ತು ಮೇಲೆ ಬರಬೇಕು. 2019ರ ಆಗಸ್ಟ್‌ನ ನೆರೆಯಲ್ಲಿ ಆದದ್ದನ್ನು ಹೊನ್ನಾಳಿಯವರು ಮರೆತಿಲ್ಲ. ಅಲ್ಲಿ ಶಾಲೆ ಮುಚ್ಚಬೇಕೋ ಬೇಡವೋ ಎಂದು ತಿಳಿಯಲು ಊರಿನ ಆಕಾಶ ನೋಡಿದರೆ ಆಗದು. ಗಾಜನೂರು, ಲಕ್ಕವಳ್ಳಿಯಿಂದ ಎಷ್ಟು ಕ್ಯೂಸೆಕ್ ಬಿಟ್ಟರು ಎಂಬುದನ್ನು ನೋಡಬೇಕು.

ನ್ಯಾಮತಿಯದು ಮಲೆನಾಡಿನ ಅಂಚು. ಸವಳಂಗ, ಸುರಹೊನ್ನೆ ಕಡೆಯ ಒಳಹಳ್ಳಿಗಳಲ್ಲಿ ಹೊಳೆಯ ಭಯಕ್ಕಿಂತ ಹಳ್ಳದ ಭಯ ಹೆಚ್ಚು. ಕೆಮ್ಮಣ್ಣಿನ ದಾರಿ ಜಾರುತ್ತದೆ, ಸಣ್ಣ ಮೋರಿ ಕಟ್ಟಿಕೊಂಡರೆ ರಸ್ತೆಯೇ ಹಳ್ಳ. ಬಸ್ಸಿನವರು ಒಳಗೆ ಬರದೆ ಮುಖ್ಯರಸ್ತೆಯಲ್ಲೇ ಇಳಿಸಿ ಹೋದರೆ ಉಳಿದ ದಾರಿ ಮಕ್ಕಳ ಕಾಲಿಗೆ.

ಚನ್ನಗಿರಿಯಲ್ಲಿ ಒಂದು ತಾಲ್ಲೂಕಿನೊಳಗೇ ಎರಡು ಸೀಮೆ. ಉಬ್ರಾಣಿ ಕಡೆ ಗುಡ್ಡ, ಕಾಡಿನ ಅಂಚು; ಸಂತೇಬೆನ್ನೂರು ಕಡೆ ಬಯಲು. ನಡುವೆ ಅಡಿಕೆ ತೋಟಗಳು, ಭದ್ರಾ ನಾಲೆಯ ಏರಿಗಳು, ಸೂಳೆಕೆರೆಗೆ ನೀರು ತರುವ ಹರಿದ್ರಾವತಿಯಂಥ ಹಳ್ಳಗಳು. ನಾಲೆಯ ಏರಿಯೇ ಎಷ್ಟೋ ಮಕ್ಕಳ ಶಾಲೆಯ ದಾರಿ. ಒಂದು ಹೋಬಳಿಯಲ್ಲಿ ಕಾಲಿಡಲಾಗದಷ್ಟು ಕೆಸರಿದ್ದಾಗ ಇನ್ನೊಂದರಲ್ಲಿ ಕಣದ ಮೇಲೆ ಕಾಳು ಒಣಗುತ್ತಿರಬಹುದು.

ಇನ್ನು ಜಗಳೂರು. 57 ಕೆರೆಗಳಿಗೆ ತುಂಗಭದ್ರೆಯ ನೀರು ಬರಲಿ ಎಂದು ವರ್ಷಗಟ್ಟಲೆ ಬಾಯ್ಬಿಟ್ಟು ಕಾದ ತಾಲ್ಲೂಕು ಅದು. ಅಲ್ಲಿ ಜುಲೈನ ತುಂತುರು ಮಳೆಯೆಂದರೆ ಮೆಕ್ಕೆಜೋಳಕ್ಕೆ ಜೀವ, ಮನೆಮಂದಿಗೆ ಹಬ್ಬ. ಆ ದಿನ ಜಿಲ್ಲೆಗೆಲ್ಲ ರಜೆ ಎಂದು ಜಗಳೂರಿನ ಶಾಲೆಗೂ ಬೀಗ ಹಾಕಿದರೆ ಮಕ್ಕಳಿಗೆ ಏನು ಲಾಭ? ಹಾಗೆಂದು ಜಗಳೂರಿಗೆ ಅಪಾಯವೇ ಇಲ್ಲವೆನ್ನಲಾಗದು. ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಗುಡುಗಿ ಬರುವ ಮಳೆಗೆ ಒಣಹಳ್ಳ ಗಳಿಗೆಯಲ್ಲಿ ತುಂಬುತ್ತದೆ. ನೆನೆದ ಹಳೇ ಮಣ್ಣುಗೋಡೆ ಬೀಳುತ್ತದೆ. ಆದರೆ ಆ ಹೊತ್ತಿಗೆ ಉಳಿದ ತಾಲ್ಲೂಕುಗಳಲ್ಲಿ ಮಳೆಯ ಅಬ್ಬರ ಇಳಿದಿರುತ್ತದೆ, ಜಿಲ್ಲಾ ಕಚೇರಿಯ ಗಮನವೂ ಇಳಿದಿರುತ್ತದೆ.

ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬ ಗಾದೆ ಇಂಥ ಜಿಲ್ಲೆಗೇ ಹುಟ್ಟಿದ್ದೇನೋ. ನಾಲ್ಕಕ್ಕೂ ಒಂದೇ ನೊಗ ಕಟ್ಟುವುದು ಆಡಳಿತಕ್ಕೆ ಸುಲಭ, ಮಕ್ಕಳಿಗಲ್ಲ.

ಅಪಾಯ ಇರುವುದು ದಾರಿಯಲ್ಲಿ

2022ರ ಆಗಸ್ಟ್ 8ರಂದು ಉಡುಪಿ ಜಿಲ್ಲೆ ಬೈಂದೂರು ತಾಲ್ಲೂಕಿನ ಕಾಲ್ತೋಡಿನಲ್ಲಿ 2ನೇ ತರಗತಿಯ ಬಾಲಕಿಯೊಬ್ಬಳು ಶಾಲೆ ಬಿಟ್ಟು ಮನೆಗೆ ಹೋಗುವಾಗ ಕಾಲುಸಂಕದಿಂದ ಜಾರಿ ಹಳ್ಳದ ಪಾಲಾದಳು. ಅದೇ ವರ್ಷದ ಜುಲೈ ಆರಂಭದಲ್ಲಿ ಚಿಕ್ಕಮಗಳೂರು ತಾಲ್ಲೂಕಿನಲ್ಲಿ 1ನೇ ತರಗತಿಯ ಮಗುವೊಂದು ಶಾಲೆಯಿಂದ ಮರಳುವಾಗ ನೀರಿನಲ್ಲಿ ಕೊಚ್ಚಿಹೋಯಿತು. ಎರಡೂ ಮಕ್ಕಳು ಶಾಲೆಯ ಕೊಠಡಿಯೊಳಗೆ ಸುರಕ್ಷಿತವಾಗಿದ್ದರು. ಹೋದದ್ದು ಮನೆಗೆ ಹೋಗುವ ದಾರಿಯಲ್ಲಿ.

ಇದರಲ್ಲಿ ಅಧಿಕಾರಿವರ್ಗ ಕಲಿಯಬೇಕಾದ ಪಾಠವಿದೆ. ಬೆಳಿಗ್ಗೆ ಮೋಡ ನೋಡಿ ರಜೆ ಕೊಡುವುದು ಒಂದು. ಮಧ್ಯಾಹ್ನ ಮೂರಕ್ಕೆ ಮಳೆ ಹಿಡಿದಾಗ "ಬೇಗ ಬೇಗ ಮನೆಗೆ ಹೋಗ್ರಪ್ಪಾ" ಎಂದು ಮಕ್ಕಳನ್ನು ಹೊರಗೆ ಬಿಡುವುದು ಇನ್ನೊಂದು. ಎರಡನೆಯದೇ ಹೆಚ್ಚು ಅಪಾಯ. ಮಳೆ ನಿಂತರೂ ಮರದ ಹನಿ ನಿಲ್ಲದು. ಹಳ್ಳದ ಮಾತೂ ಹಾಗೆಯೇ. ಮಳೆ ನಿಂತು ಗಂಟೆಯಾದ ಮೇಲೂ ಮೇಲಿನ ಗುಡ್ಡದ ನೀರು ಬರುತ್ತಲೇ ಇರುತ್ತದೆ. ದೊಡ್ಡವರ ಮೊಣಕಾಲಿಗೆ ಬರುವ ನೀರು ಆರು ವರ್ಷದ ಮಗುವಿಗೆ ಸೊಂಟ ಮುಟ್ಟುತ್ತದೆ.

ತಡವಾಗಿ ಬರುವ ಆದೇಶದ ಕಥೆಯೂ ಇದೇ. ಹಳ್ಳಿಯ ಮಗು ಏಳು, ಏಳೂವರೆಗೆ ಮನೆ ಬಿಡುತ್ತದೆ. ಎಂಟಕ್ಕೆ ರಜೆಯ ಸುದ್ದಿ ಬಂದರೆ ಮಗು ಆಗಲೇ ನಡುದಾರಿಯಲ್ಲಿರುತ್ತದೆ. ಶಾಲೆಗೆ ಬೀಗ, ಮರಳಿ ಹೋಗೋಣವೆಂದರೆ ಬಸ್ಸಿಲ್ಲ. ವಿದ್ಯಾರ್ಥಿ ಪಾಸು ಹಿಡಿದ ಹುಡುಗರು ಸರ್ಕಾರಿ ಬಸ್ಸಿಗೇ ಕಾಯಬೇಕು, ಖಾಸಗಿ ಬಸ್ಸಿನಲ್ಲಿ ಆ ಪಾಸು ನಡೆಯದು. ಅಂಗಡಿಯವರ ಮಾಡಿನ ಕೆಳಗೆ ನೆನೆದ ಮರಿಗಳಂತೆ ನಿಲ್ಲುವುದೊಂದೇ ಗತಿ. ಇಂಥ ರಜೆ ಮಗುವನ್ನು ಮಳೆಯಿಂದ ಕಾಪಾಡುವುದಿಲ್ಲ, ಮಳೆಯಲ್ಲಿ ಎರಡು ಸಲ ನಡೆಸುತ್ತದೆ.

ಇದರ ಜತೆಗೆ ಸುಳ್ಳು ಆದೇಶಗಳ ಹಾವಳಿ. ಹಳೇ ಆದೇಶದ ತಾರೀಖು ತಿದ್ದಿ ಮೊಬೈಲಿನಲ್ಲಿ ಹಂಚುವ ಪುಂಡಾಟ ಮಳೆಗಾಲದಲ್ಲಿ ಹಲವು ಜಿಲ್ಲೆಗಳಲ್ಲಿ ನಡೆದಿದೆ. ಸರಿಯಾದ ಸುದ್ದಿ ಸರಿಯಾದ ಹೊತ್ತಿಗೆ ಸಿಗದ ಕಡೆ ಸುಳ್ಳಿನ ವ್ಯಾಪಾರ ಜೋರು.

ರಜೆಯ ದಿನ ಹಸಿವಿಗೆ ರಜೆಯಿಲ್ಲ

ರಜೆ ಕೊಟ್ಟರೆ ಮಗು ಮನೆಯಲ್ಲಿ ಬೆಚ್ಚಗೆ ಕೂತಿರುತ್ತದೆ ಎಂದು ಭಾವಿಸುವವರು ಪಟ್ಟಣದ ತಾರಸಿ ಮನೆಯಿಂದ ಲೋಕ ನೋಡುವವರು. ಕೂಲಿಯವರ ಮನೆಯಲ್ಲಿ ತಾಯಿ ಮಳೆಯೆಂದು ಮನೆಯಲ್ಲಿ ಕೂರುವಂತಿಲ್ಲ. ಕಳೆ ತೆಗೆಯಬೇಕು, ತೋಟದ ಕೆಲಸ ಆಗಬೇಕು, ಆ ದಿನದ ಕೂಲಿ ಬರಬೇಕು. ಮಗು ಒಂದೋ ಸೋರುವ ಮನೆಯಲ್ಲಿ ಒಂಟಿ, ಇಲ್ಲವೇ ತಾಯಿಯ ಹಿಂದೆ ಹೊಲಕ್ಕೆ, ಅದೂ ಇಲ್ಲವೆಂದರೆ ಗೆಳೆಯರೊಡನೆ ತುಂಬಿದ ಕೆರೆ, ನಾಲೆ ನೋಡಲು. ಗಟ್ಟಿ ಕಟ್ಟಡದ ಶಾಲೆ ಅದರ ಮನೆಗಿಂತ ಭದ್ರ. ನೆರೆ ಬಂದಾಗ ಊರ ಜನರನ್ನೇ ಶಾಲೆಗಳಲ್ಲಿ ಇರಿಸುತ್ತಾರಲ್ಲ!

ಊಟದ ಮಾತು ಬೇರೆ ಇದೆ. ಈ ರಾಜ್ಯದಲ್ಲಿ ಅಕ್ಷರ ದಾಸೋಹದ ಬಿಸಿಯೂಟ 2002ರಲ್ಲಿ ಆರಂಭವಾಯಿತು. 2013ರ ಆಗಸ್ಟ್ 1ರಿಂದ ಕ್ಷೀರಭಾಗ್ಯದ ಹಾಲು ಸೇರಿತು, ಆಮೇಲೆ ಮೊಟ್ಟೆ, ಬಾಳೆಹಣ್ಣು ಬಂದವು. ಎಷ್ಟೋ ಮನೆಗಳಲ್ಲಿ ಮಗುವಿನ ಹೊಟ್ಟೆತುಂಬ ಊಟವೆಂದರೆ ಅದೇ. ಶಾಲೆ ನಡೆಯುವ ದಿನ ಊಟ ತಪ್ಪಿದರೆ ಅದಕ್ಕೆ ಆಹಾರ ಭದ್ರತಾ ಭತ್ಯೆ ಕೊಡಬೇಕೆಂದು 2015ರ ನಿಯಮಗಳು ಹೇಳುತ್ತವೆ. ಆದರೆ ದಿನಕ್ಕೇ ರಜೆ ಎಂದ ಮೇಲೆ ಊಟವೂ ಇಲ್ಲ, ಭತ್ಯೆಯ ಪ್ರಶ್ನೆಯೂ ಇಲ್ಲ.

ಮನಸ್ಸಿದ್ದರೆ ದಾರಿಯಿದೆ ಎಂಬುದಕ್ಕೆ ಸರ್ಕಾರವೇ ಸಾಕ್ಷಿ ಒದಗಿಸಿದೆ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಣೆಯಾದವು. ಮರುವರ್ಷ, 2024ರ ಬೇಸಿಗೆ ರಜೆಯಲ್ಲೂ ಬರಪೀಡಿತ ತಾಲ್ಲೂಕುಗಳ ಮಕ್ಕಳಿಗೆ ಬಿಸಿಯೂಟ ಹಾಕಲಾಯಿತು. ಕೊರೋನಾ ಕಾಲದಲ್ಲಿ ಶಾಲೆ ಮುಚ್ಚಿದ್ದಾಗ ಅಕ್ಕಿ, ಬೇಳೆಯನ್ನು ಮನೆಗೆ ಕೊಟ್ಟರು. ಬರಕ್ಕೆ, ರೋಗಕ್ಕೆ ಆದ ಏರ್ಪಾಡು ಮಳೆಗೆ ಏಕಾಗಬಾರದು?

ಪಾಠದ ಲೆಕ್ಕಕ್ಕೆ ಬಂದರೆ, 2009ರ ಶಿಕ್ಷಣ ಹಕ್ಕು ಕಾಯ್ದೆಯಂತೆ 1ರಿಂದ 5ನೇ ತರಗತಿಗೆ ವರ್ಷಕ್ಕೆ ಕನಿಷ್ಠ 200 ದಿನ, 6ರಿಂದ 8ನೇ ತರಗತಿಗೆ 220 ದಿನ ಶಾಲೆ ನಡೆಯಬೇಕು. ಕಾಗದದ ಮೇಲೆ ಆ ಲೆಕ್ಕ ಹೊಂದಿಸುವುದು ಕಷ್ಟವಲ್ಲ. ಶನಿವಾರ ಮಧ್ಯಾಹ್ನ, ಭಾನುವಾರ ಶಾಲೆ ನಡೆಸಿ ಸರಿದೂಗಿಸಿರೆಂಬ ಸುತ್ತೋಲೆ ಸಾಕು. ಸುತ್ತೋಲೆಯಂತೆ ಪಾಠ ನಡೆಯಿತೇ ಎಂದು ನೋಡುವವರು ಬೇಕು. ಟ್ಯೂಷನ್ನಿಗೆ ಹೋಗುವ ಮಗುವಿಗೆ ಮಳೆ ರಜೆಯಿಂದ ನಷ್ಟವಿಲ್ಲ. ಸರ್ಕಾರಿ ಶಾಲೆಯ ಮೇಷ್ಟ್ರನ್ನೇ ನಂಬಿದ ಮಗುವಿಗೆ ಪ್ರತಿ ದಿನವೂ ನಷ್ಟ.

ಆಗಬೇಕಾದ್ದೇನು?

ವಿಪತ್ತು ನಿರ್ವಹಣಾ ಕಾಯ್ದೆ 2005ರ ಪ್ರಕಾರ ಜಿಲ್ಲಾಧಿಕಾರಿಗಳೇ ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರದ ಅಧ್ಯಕ್ಷರು. ಅವರ ಅಧಿಕಾರವನ್ನು ಯಾರೂ ಪ್ರಶ್ನಿಸುತ್ತಿಲ್ಲ. ಆ ಅಧಿಕಾರ ಕೆಳಗೆ ಇಳಿದು ಬರಬೇಕು ಎಂಬುದಷ್ಟೇ ಸಾರ್ವಜನಿಕರ ಅಂಬೋಣ. ಮಲೆನಾಡಿನ ಜಿಲ್ಲೆಗಳಲ್ಲಿ ತಾಲ್ಲೂಕುವಾರು ರಜೆ ಕೊಡುವ ರೂಢಿ ಈಗಾಗಲೇ ಇದೆ. ದಾವಣಗೆರೆ ಅದಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗಿ ಹೋಬಳಿವಾರು ತೀರ್ಮಾನ ಮಾಡಲಿ.

ಅದಕ್ಕೆ ಬೇಕಾದ ಮಾಹಿತಿಗೆ ಬರವಿಲ್ಲ. ಹವಾಮಾನ ಇಲಾಖೆಯ ಹಳದಿ, ಕಿತ್ತಳೆ, ಕೆಂಪು ಎಚ್ಚರಿಕೆಗಳು ಇಡೀ ಜಿಲ್ಲೆಯನ್ನು ಹಿಡಿದು ಬರುತ್ತವೆ. 24 ಗಂಟೆಯಲ್ಲಿ 64.5 ಮಿಲಿಮೀಟರ್ ದಾಟಿದರೆ ಭಾರಿ ಮಳೆ, 115.6ರಿಂದ ಮೇಲೆ ಅತಿ ಭಾರಿ ಮಳೆ ಎಂಬುದು ಆ ಇಲಾಖೆಯ ಲೆಕ್ಕ. ಆದರೆ 1988ರಲ್ಲಿ ಬರ ನಿಗಾ ಘಟಕವಾಗಿ ಹುಟ್ಟಿದ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳು ಗ್ರಾಮ ಪಂಚಾಯಿತಿ ಮಟ್ಟದಲ್ಲೇ ಇವೆ. ಯಾವ ಪಂಚಾಯಿತಿಯಲ್ಲಿ ಎಷ್ಟು ಮಳೆ ಬಿತ್ತೆಂದು ಯಂತ್ರವೇ ಹೇಳುತ್ತಿರುವಾಗ ಸವಳಂಗದ ಮಳೆಗೆ ಜಗಳೂರಿನ ಶಾಲೆ ಮುಚ್ಚುವ ಅಗತ್ಯವೇನಿದೆ?

ತಹಶೀಲ್ದಾರರು ಮತ್ತು ಕ್ಷೇತ್ರ ಶಿಕ್ಷಣಾಧಿಕಾರಿಗಳು ಕೂತು, ಅಣೆಕಟ್ಟುಗಳ ಹೊರಹರಿವನ್ನೂ ವಿಚಾರಿಸಿ, ಸಂಜೆ ಆರಕ್ಕೆ ತೀರ್ಮಾನ ಮಾಡಲಿ. ರಾತ್ರಿ ಎಂಟರೊಳಗೆ ಅದು ಪಂಚಾಯಿತಿ, ಬಸ್ ನಿಲ್ದಾಣ, ಹಾಲಿನ ಡೇರಿ ಮುಟ್ಟಲಿ. ಆ ವೇಳೆ ಮೀರಿದರೆ ಬೆಳಿಗ್ಗೆ ಶಾಲೆಯ ಬಾಗಿಲು ತೆರೆದೇ ಇರಲಿ. ಬರಲಾಗದ ಮಗುವಿಗೆ ಗೈರುಹಾಜರಿ ಹಾಕುವುದು ಬೇಡ, ಬಂದ ಮಗುವನ್ನು ಹೊರಗೆ ನಿಲ್ಲಿಸುವುದೂ ಬೇಡ.

ಮೇ ಕೊನೆಯಲ್ಲಿ ಶಾಲೆ ತೆರೆಯುವ ಮೊದಲೇ ಪ್ರತಿ ಶಾಲೆಯ ಮುಖ್ಯ ಶಿಕ್ಷಕರು ಮತ್ತು ಎಸ್‌ಡಿಎಂಸಿಯವರು ಒಂದು ಹಾಳೆಯ ಮೇಲೆ ಬರೆದಿಡಲಿ: ಯಾವ ಮಕ್ಕಳು ಹಳ್ಳ ದಾಟಿ ಬರುತ್ತಾರೆ, ಯಾರು ನಾಲೆ ಏರಿಯ ಮೇಲೆ ಬರುತ್ತಾರೆ, ಯಾವ ಕೊಠಡಿಯ ಗೋಡೆ ಬಿರುಕು ಬಿಟ್ಟಿದೆ. ಬಿರುಕಿನ ಕೊಠಡಿಗೆ ಅಂದೇ ಬೀಗ ಬೀಳಲಿ. ಹಳ್ಳ ತುಂಬಿದ ಸಂಜೆ ಮನೆಯವರು ಬರುವ ತನಕ ಆ ಮಕ್ಕಳನ್ನು ಶಾಲೆಯಲ್ಲೇ ಉಳಿಸಿಕೊಳ್ಳುವ ಅಧಿಕಾರ ಮುಖ್ಯ ಶಿಕ್ಷಕರಿಗಿರಲಿ. ಬರೀ ಹೊಣೆ ಹೊರಿಸಿ, ಏನಾದರೂ ಹೆಚ್ಚುಕಮ್ಮಿಯಾದರೆ ಅಮಾನತು ಮಾಡುವುದಾದರೆ ಯಾವ ಮೇಷ್ಟ್ರೂ ಬಾಯಿ ಬಿಡಲಾರರು. "ಮೇಲಿನಿಂದ ಆರ್ಡರ್ ಬರ್ಲಿ ಬಿಡ್ರಿ" ಎಂದು ಕೈಕಟ್ಟಿ ಕೂರುತ್ತಾರೆ. ನಿಯಮದಂತೆ ನಡೆದ ಶಿಕ್ಷಕರ ಬೆನ್ನಿಗೆ ಇಲಾಖೆ ನಿಲ್ಲಬೇಕು.

ರಜೆ ಕೊಟ್ಟ ದಿನವೂ ದಾರಿ ಭದ್ರವಿರುವ ಊರುಗಳಲ್ಲಿ ಅಡುಗೆಮನೆಯ ಒಲೆ ಉರಿಯಲಿ. ಊರೊಳಗಿನ ಮಕ್ಕಳು ಬಂದು ಉಂಡು ಹೋಗಲಿ. ದೂರದ ಮಕ್ಕಳಿಗೆ ತಪ್ಪಿದ ಊಟದ ಅಕ್ಕಿ, ಬೇಳೆ ಆಮೇಲೆ ಸೇರಲಿ. ಬಿಟ್ಟ ಪಾಠವನ್ನು ದಸರಾ ರಜೆಯಲ್ಲಿ ಒಟ್ಟಿಗೆ ತುರುಕದೆ, ಅದೇ ತಿಂಗಳ ಶನಿವಾರಗಳಲ್ಲಿ ಮುಗಿಸಲಿ.

ಅಂಗಡಿಯವರು, ಬಸ್ಸಿನವರು ಮಾಡಬಹುದಾದ್ದೂ ಉಂಟು. ಮಳೆಯ ಸಂಜೆ ಮಾಡಿನ ಕೆಳಗೆ ನಿಂತ ಮಕ್ಕಳನ್ನು ಗದರಿಸದೆ ಒಳಗೆ ಕರೆದು ಕೂರಿಸಿದರೆ ವ್ಯಾಪಾರ ಕೆಡುವುದಿಲ್ಲ. ಫುಟ್‌ಬೋರ್ಡ್ ಮೇಲೆ ಜೋತ ಹುಡುಗನಿಗೆ ಒಳಗೆ ಜಾಗ ಬಿಟ್ಟರೆ ಪ್ರಯಾಣಿಕರಿಗೆ ನಷ್ಟವಿಲ್ಲ. ತುಂಬಿದ ಹಳ್ಳದ ಈಚೆಯೇ ಮಗುವನ್ನು ಇಳಿಸಿ ಹೋಗುವ ಮುನ್ನ ಡ್ರೈವರ್ ಒಂದು ಮಾತು ಊರಿಗೆ ಫೋನು ಮಾಡಿಸಿದರೆ ಅದು ಪುಣ್ಯದ ಕೆಲಸ.

ಊರು ಕೊಳ್ಳೆಹೋದ ಮೇಲೆ ದಿಡ್ಡಿ ಬಾಗಿಲು ಹಾಕುವುದು ಆಡಳಿತದ ಹಳೇ ಚಾಳಿ. ಮಗು ಹೋದ ಮೇಲೆ ಪರಿಹಾರದ ಚೆಕ್ಕು, ಮಂತ್ರಿಗಳ ಭೇಟಿ, ಸಂಕದ ಜಾಗದಲ್ಲಿ ಸೇತುವೆಯ ಭರವಸೆ, ಇದೆಲ್ಲ ಎಲ್ಲ ಕಡೆ ಕಂಡದ್ದೇ. ಈ ಜಿಲ್ಲೆಯಲ್ಲಿ ಆ ಸರದಿ ಬಾರದಿರಲಿ. ಮುಂದಿನ ಆರಿದ್ರ ಮಳೆ ಕಟ್ಟಿಕೊಳ್ಳುವ ಮುನ್ನ ಜಿಲ್ಲಾಧಿಕಾರಿಗಳು ನಾಲ್ಕೂ ತಾಲ್ಲೂಕಿನ ಅಧಿಕಾರಿಗಳನ್ನು ಕರೆಸಿ ಒಂದು ಸಭೆ ಮಾಡಲಿ, ಶಾಸಕರೂ ಬಂದು ಕೂರಲಿ. ಅಂದಿನ ಚರ್ಚೆ ಶಾಲೆಗೆ ಎಷ್ಟು ದಿನ ರಜೆ ಎಂಬುದರ ಮೇಲೆ ಬೇಡ. ಯಾವ ಊರಿನ ಯಾವ ಹಳ್ಳಕ್ಕೆ ಈ ವರ್ಷ ಸಂಕ ಕಟ್ಟಿಸುತ್ತೀರಿ ಎಂಬುದರಿಂದ ಅದು ಶುರುವಾಗಲಿ. ದಾರಿ ಭದ್ರವಾದ ಊರಿನ ಮಗುವಿಗೆ ಮಳೆ ರಜೆಯ ಅಗತ್ಯವೇ ಕಡಿಮೆ.